ಐಸ್ ಮೇಲೆ ತಪ್ಪು ಹೊರಿಸೋಕಾಗಲ್ಲ

ಕೆನಡಾದ ಸಡ್‌ಬರಿಯಲ್ಲಿ ಇನ್ಶೂರೆನ್ಸ್ ಬ್ರೋಕರ್ ಕೆಲಸಕ್ಕೆ ಸೇರಿದ ಮೊದಲ ಚಳಿಗಾಲ. ಬೆಳಗ್ಗೆ ಎಂಟೂವರೆಗೆ ಫೋನ್ ಬಂತು. ಹಾಸನದ ಕಡೆಯ ಹುಡುಗ, ಇಲ್ಲೇ ಓದು ಮುಗಿಸಿ ಗಣಿ ಕಂಪನಿಯೊಂದಕ್ಕೆ ಸೇರಿದ್ದ. "ಅಕ್ಕಾ, ಬ್ರೇಕ್ ಒತ್ತಿಯೇ ಇದ್ದೆ, ಗಾಡಿ ನಿಲ್ಲಲೇ ಇಲ್ಲ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಗುದ್ದಿಬಿಟ್ಟೆ. ರಸ್ತೆ ಪೂರ್ತಿ ಐಸು." ಧ್ವನಿ ನಡುಗುತ್ತಿತ್ತು. ಯಾರಿಗೂ ಪೆಟ್ಟಾಗಿಲ್ಲ ಎಂದು ಕೇಳಿ ತಿಳಿದುಕೊಂಡ ಮೇಲೆ, "ಐಸ್ ಇದ್ರೆ ನೀನೇನಪ್ಪ ಮಾಡೋಕಾಗುತ್ತೆ, ನಿನ್ನ ತಪ್ಪಲ್ಲ, ಹೆದರಬೇಡ" ಎಂದುಬಿಟ್ಟೆ.

ಕ್ಲೇಮ್ ಪರಿಶೀಲಿಸಿದ ಅಡ್ಜಸ್ಟರ್, ಅಂದರೆ ವಿಮಾ ಕಂಪನಿಯ ಪರಿಶೀಲಕರ, ತೀರ್ಮಾನ ಬಂತು: ನೂರಕ್ಕೆ ನೂರು ಅವನದೇ ತಪ್ಪು.

ಸಡ್‌ಬರಿ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಅಪಘಾತದ ಹೊಣೆ ಯಾರದು ಎಂದು ನಿರ್ಧರಿಸಲು ವಿಮಾ ಕಾಯ್ದೆಯಡಿ 668ನೇ ನಿಯಮಾವಳಿ ಇದೆ. ಹವಾಮಾನ ಹೇಗಿತ್ತು, ರಸ್ತೆ ಹೇಗಿತ್ತು, ಎಷ್ಟು ದೂರ ಕಾಣುತ್ತಿತ್ತು, ಇದ್ಯಾವುದನ್ನೂ ಲೆಕ್ಕಕ್ಕೆ ತಗೋಬಾರದು ಎಂದು ಅದರಲ್ಲೇ ಬರೆದಿದೆ. ಹಿಂದಿನಿಂದ ಗುದ್ದಿದವನೇ ಹೊಣೆ. ಇದನ್ನು ನಾನು ಪರೀಕ್ಷೆಗೆ ಓದಿದ್ದೆ, ಉತ್ತರವನ್ನೂ ಬರೆದಿದ್ದೆ. ಆದರೂ ಅವನ ಧ್ವನಿ ಕೇಳಿ ಸುಳ್ಳು ಧೈರ್ಯ ಹೇಳಿದೆ. ಅದನ್ನು ನಂಬಿ ಅವನು ಊರಿಗೆ ಫೋನ್ ಮಾಡಿ "ನನ್ನ ಮೇಲೇನೂ ಬರಲ್ಲ" ಎಂದು ಅಪ್ಪನಿಗೆ ಹೇಳಿದ್ದನಂತೆ. ಆ ಮಾತು ನನ್ನನ್ನು ಇಂದಿಗೂ ಕೊರೆಯುತ್ತದೆ.

ಚಿಕ್ಕ ಅಪಘಾತಕ್ಕೆ ಇಲ್ಲೊಂದು ವಿನಾಯಿತಿ ಇದೆ, 2016ರ ಜೂನ್‌ನಿಂದ. ಯಾರಿಗೂ ಗಾಯವಾಗದೆ, ಒಂದೊಂದು ಕಾರಿನ ಹಾನಿಯೂ 2,000 ಡಾಲರ್ ಒಳಗಿದ್ದು, ತಪ್ಪು ಮಾಡಿದವರೇ ಕೈಯಿಂದ ದುಡ್ಡು ಕೊಟ್ಟರೆ ಪ್ರೀಮಿಯಂ ಏರಿಸುವಂತಿಲ್ಲ. ಮೂರು ವರ್ಷಕ್ಕೆ ಒಂದು ಸಲ ಮಾತ್ರ. ಆದರೆ ಈಗಿನ ಬಂಪರ್‌ಗಳ ಒಳಗೆ ಸೆನ್ಸರ್, ಕ್ಯಾಮೆರಾ ಕೂತಿರುತ್ತವೆ. ಇವನ ಲೆಕ್ಕ ಆ ಮಿತಿ ದಾಟಿತ್ತು. ತಪ್ಪಿನ ಅಪಘಾತವನ್ನು ಕಂಪನಿಗಳು ಸಾಮಾನ್ಯವಾಗಿ ಆರು ವರ್ಷ ಲೆಕ್ಕಕ್ಕೆ ಹಿಡಿಯುತ್ತವೆ. ಹೊಸ ಲೈಸೆನ್ಸ್‌ನವರಿಗೆ ಮೊದಲೇ ದುಬಾರಿ, ಅದರ ಮೇಲೆ ಇದು.

ಅವನ ಕಾರಿನಲ್ಲಿದ್ದದ್ದು ಆಲ್-ಸೀಸನ್ ಟೈರು. ಹೆಸರು ನಂಬಿ ಸುಮ್ಮನಿದ್ದ. ಏಳು ಡಿಗ್ರಿಗಿಂತ ಕೆಳಗೆ ಇಳಿದರೆ ಆ ರಬ್ಬರ್ ಬಿಗಿಯುತ್ತಾ ಹೋಗುತ್ತದೆ. ಆಫೀಸಿನ ಪಾರ್ಕಿಂಗ್‌ನಲ್ಲಿ ಬಗ್ಗಿ ಅವನ ಟೈರಿಗೆ ಹೆಬ್ಬೆರಳಿನ ಉಗುರು ಒತ್ತಿದೆ, ಗುರುತೇ ಬೀಳಲಿಲ್ಲ, ಒಣಗಿದ ಕೊಬ್ಬರಿ ಚಿಪ್ಪಿನ ಹಾಗಿತ್ತು. ಪಕ್ಕದಲ್ಲಿದ್ದ ನನ್ನ ಕಾರಿನ ವಿಂಟರ್ ಟೈರಿಗೆ ಒತ್ತಿದರೆ ಉಗುರು ಒಳಗೆ ಹೋಯಿತು. ಅವನು ಎರಡೂ ಸಲ ತಾನೇ ಒತ್ತಿ ನೋಡಿದ. ಮಾತಾಡಲಿಲ್ಲ.

ವಿಂಟರ್ ಟೈರ್ ಹಾಕಿಸಿದವರಿಗೆ ಒಂಟಾರಿಯೊದಲ್ಲಿ ಎಲ್ಲ ಕಂಪನಿಗಳೂ ರಿಯಾಯಿತಿ ಕೊಡಲೇಬೇಕು, 2016ರ ಜನವರಿಯಿಂದ ಕಡ್ಡಾಯ. ಸಾಮಾನ್ಯವಾಗಿ ನೂರಕ್ಕೆ ಎರಡರಿಂದ ಐದು. ಬೆಟ್ಟದೊಳಗೆ ಹಿಮದ ಹರಳಿರುವ ಗುರುತು ಟೈರಿನ ಪಕ್ಕೆಯ ಮೇಲಿರಬೇಕು, ನಾಲ್ಕೂ ಚಕ್ರಕ್ಕೆ ಹಾಕಿಸಬೇಕು, ಬಿಲ್ ಇಟ್ಟುಕೊಳ್ಳಬೇಕು. ಬಾಯಿಬಿಟ್ಟು ಕೇಳದ ಕಾರಣಕ್ಕೇ ಎಷ್ಟೋ ಜನ ಇದನ್ನು ಕಳೆದುಕೊಳ್ಳುತ್ತಾರೆ. 2,400 ಡಾಲರ್ ಪ್ರೀಮಿಯಂಗೆ ಐದರ ಲೆಕ್ಕದಲ್ಲಿ 120 ಡಾಲರ್ ಉಳಿಯುತ್ತದೆ. ಒಳ್ಳೆಯದೇ. ಆದರೆ ಆ ಟೈರು ಸಿಗ್ನಲ್ ಹತ್ತಿರ ನಿಲ್ಲಿಸಿಕೊಡುವ ಕೆಲವು ಅಡಿಗಳ ಬೆಲೆ ಅದಕ್ಕಿಂತ ಎಷ್ಟೋ ಹೆಚ್ಚು.

ಇದಾದ ಮೇಲೆ "ಪ್ರೀಮಿಯಂ ಎಲ್ಲಿ ಕಡಿಮೆ ಮಾಡಿಸಲಿ" ಎಂದು ಕೇಳುವವರಿಗೆ ಎಲ್ಲಿ ಕೈ ಹಾಕಬಾರದು ಎಂಬುದನ್ನೇ ಮೊದಲು ಹೇಳುತ್ತೇನೆ. ಪಾಲಿಸಿಯಿಂದ ಗಾಜಿನ ಕವರ್ ತೆಗೆಯುವ ಒಂದು ತಿದ್ದುಪಡಿ ಇದೆ, ನಮ್ಮ ಕಸುಬಿನ ಭಾಷೆಯಲ್ಲಿ 13ಸಿ. ಟೊರೊಂಟೊದಲ್ಲಿ ಮನೆಯಿಂದಲೇ ಕೆಲಸ ಮಾಡುವವರಿಗೆ ನಡೆದೀತು. 17ನೇ ಹೈವೇಯಲ್ಲಿ ಮರದ ದಿಮ್ಮಿ ಹೊತ್ತ ಲಾರಿಗಳ ಹಿಂದೆ ಹೋಗುವವರಿಗೆ ಬೇಡ. ಐಸ್ ಮೇಲೆ ಚೆಲ್ಲಿದ ಮರಳು, ಜಲ್ಲಿ ಸಿಡಿದು ಬರುವುದು ನೇರ ಮುಂದಿನ ಗಾಜಿಗೆ.

ಇನ್ನೊಂದು, ಮೂಸ್. ಕುದುರೆಗಿಂತ ಎತ್ತರದ, ಕಡವೆ ಬಳಗದ ಪ್ರಾಣಿ. ಮೈ ಕಪ್ಪೆನ್ನಿಸುವಷ್ಟು ಕಡುಕಂದು, ಕಾಲು ಎಷ್ಟು ಉದ್ದವೆಂದರೆ ಹೆಡ್‌ಲೈಟ್ ಬೆಳಕು ಅದರ ಕಣ್ಣಿನ ಮಟ್ಟಕ್ಕೆ ಮುಟ್ಟುವುದೇ ಕಷ್ಟ. ಅದಕ್ಕೆ ಗುದ್ದಿದರೆ ಕ್ಲೇಮ್ ಹೋಗುವುದು ಕಳ್ಳತನ, ಬೆಂಕಿಯಂಥವಕ್ಕಿರುವ ಕಾಂಪ್ರಿಹೆನ್ಸಿವ್ ಕವರ್ ಅಡಿ, ತಪ್ಪಿನ ಅಪಘಾತ ಅನ್ನಿಸಿಕೊಳ್ಳುವುದಿಲ್ಲ. ತಪ್ಪಿಸಲು ಹೋಗಿ ಚರಂಡಿಗೆ ಬಿದ್ದರೆ ಅದು ಕೊಲಿಷನ್, ಅಂದರೆ ಡಿಕ್ಕಿಯ ಕವರ್, ಹೊಣೆ ನಿಮ್ಮದೇ. ಆ ಅರೆಕ್ಷಣದಲ್ಲಿ ಯಾರೂ ಪಾಲಿಸಿ ನೆನೆದು ಸ್ಟಿಯರಿಂಗ್ ತಿರುಗಿಸುವುದಿಲ್ಲ, ನೆನೆಯಲೂ ಬಾರದು. ಅದಕ್ಕೇ ಉತ್ತರ ಒಂಟಾರಿಯೊದಲ್ಲಿ ರಾತ್ರಿ ಓಡಿಸುವವರಿಗೆ ಎರಡೂ ಕವರ್ ಇರಲಿ ಎನ್ನುತ್ತೇನೆ.

ಉಳಿಸಲು ದಾರಿ ಬೇರೆ ಇವೆ. ಕೈಯಲ್ಲಿ ಸಾವಿರ ಡಾಲರ್ ಇಟ್ಟುಕೊಳ್ಳುವ ಶಕ್ತಿ ಇದ್ದರೆ ಡಿಡಕ್ಟಿಬಲ್ (ಕ್ಲೇಮ್ ಆದಾಗ ನಮ್ಮ ಕೈಯಿಂದ ಕೊಡಬೇಕಾದ ಪಾಲು) ಅನ್ನು 500ರಿಂದ 1,000ಕ್ಕೆ ಏರಿಸಬಹುದು. ಬಾಡಿಗೆ ಮನೆಯ ಪಾಲಿಸಿಯನ್ನೂ ಅದೇ ಕಂಪನಿಯಲ್ಲಿ ಮಾಡಿಸಿದರೆ ಇಳಿಯುತ್ತದೆ. ಚಳಿಗಾಲವೆಲ್ಲ ಗ್ಯಾರೇಜಿನಲ್ಲೇ ನಿಲ್ಲುವ ಎರಡನೇ ಕಾರಿಗೆ ಓಡಾಟದ ಕವರ್ ತಾತ್ಕಾಲಿಕವಾಗಿ ನಿಲ್ಲಿಸಬಹುದು; ಕಳ್ಳತನ, ಬೆಂಕಿಗೆ ರಕ್ಷಣೆ ಉಳಿಸಿಕೊಳ್ಳಿ, ವಾಪಸ್ ಚಾಲು ಮಾಡಿಸುವವರೆಗೆ ರಸ್ತೆಗೆ ಇಳಿಸಬೇಡಿ. ಓಡಿಸುವ ರೀತಿ ನೋಡಿ ರಿಯಾಯಿತಿ ಕೊಡುವ ಫೋನ್ ಆಪ್‌ಗಳೂ ಇವೆ. ಗಣಿಯ ರಾತ್ರಿ ಪಾಳಿಯವರು ಸೇರುವ ಮೊದಲು, ನಡುರಾತ್ರಿ ಓಡಿಸಿದರೆ ಅಂಕ ಕಡಿಯುತ್ತಾರಾ ಎಂದು ಕೇಳಿಕೊಳ್ಳಲಿ.

ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಲ್ಲಿ ಪ್ರೀಮಿಯಂ ವಿಪರೀತ ಎಂದು ಅಲ್ಲಿದ್ದುಕೊಂಡೇ ಸಡ್‌ಬರಿ ಗೆಳೆಯನ ವಿಳಾಸ ಕೊಡಬಹುದಾ ಎಂದು ಕೇಳುವವರಿದ್ದಾರೆ. ನಾನು ಮಾಡಿಕೊಡುವುದಿಲ್ಲ. ಸಿಕ್ಕಿಬಿದ್ದ ದಿನ ಕ್ಲೇಮ್ ನಿರಾಕರಿಸಿದರೆ ಆ ಕುಟುಂಬ ಬೀದಿಗೆ ಬರುತ್ತದೆ.

ಹಾಸನದ ಹುಡುಗನ ಹತ್ತಿರ ಕ್ಷಮೆ ಕೇಳಿದೆ. ರಿನ್ಯೂವಲ್ ಹೊತ್ತಿಗೆ ಬೇರೆ ಬೇರೆ ಕಂಪನಿಗಳ ದರ ತರಿಸಿ ಕೂತು ತಿದ್ದಿದೆವು. ಈಗ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ, ಮೊದಲ ಹಿಮ ಬೀಳುವ ಮುಂಚೆ, ಚಳಿಗಾಲಕ್ಕೆ ಹೊಸಬರಾದ ಗ್ರಾಹಕರಿಗೆಲ್ಲ ನಾನೇ ಫೋನ್ ಮಾಡುತ್ತೇನೆ. ಅವನಿಗೆ ಮಾಡಬೇಕಿಲ್ಲ. ದಸರಾ ಮುಗಿಯುತ್ತಿದ್ದಂತೆ ಟೈರಿನ ಫೋಟೋ, ಬಿಲ್ಲು ಎರಡೂ ಕಳಿಸುತ್ತಾನೆ, ಜೊತೆಗೆ ಒಂದು ಪ್ರಶ್ನೆ: "ಅಕ್ಕಾ, ನಿಮ್ದು ಹಾಕ್ಸಿದ್ರಾ?"