ಮೊದಲು ಗೊರಸು, ಆಮೇಲೆ ಸವಾರಿ

ಎಳ್ಳ ಅಮಾವಾಸ್ಯೆಗೆ ಪುಣೆಯಿಂದ ಗೆಳೆಯ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಂದಿದ್ದ. ಗುಡ್ಡಾಪುರದ ದಾನಮ್ಮನ ದರ್ಶನ ಮುಗಿಸಿ ನಮ್ಮ ಹೊಲ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ನಮ್ಮದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕು. ಕಚೇರಿಯ ಕಾಗದವೆಲ್ಲ ಮರಾಠಿ, ಮನೆಯ ಮಾತೆಲ್ಲ ಕನ್ನಡ. ಗೆಳೆಯನ ಮಗಳಿಗೆ ಒಂಬತ್ತು ವರ್ಷ. ಕಾರಿನಿಂದ ಇಳಿದವಳೇ ಬೇವಿನ ಗಿಡದ ಕೆಳಗೆ ಕಟ್ಟಿದ್ದ ನಮ್ಮ ಕುದುರೆ ಗೌರಿಯ ಕಡೆ ಓಡಿದಳು. ಅದೂ ಹಿಂದಿನಿಂದ.

"ಏ ತಂಗಿ, ನಿಂದ್ರು!"

ಜೋರಾಗೇ ಕೂಗಿಬಿಟ್ಟೆ. ಹುಡುಗಿ ಬೆಚ್ಚಿ ನಿಂತಳು. ಕಣ್ಣು ತುಂಬಿತು. ಹತ್ತಿರ ಕೂರಿಸಿಕೊಂಡು ಹೇಳಿದೆ. ಕುದುರೆಯ ಕಣ್ಣು ತಲೆಯ ಎರಡೂ ಬದಿಗೆ ಇರುತ್ತವೆ. ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ. ಬಾಲದ ಹಿಂದೆ, ಹಣೆಯ ಎದುರಿಗೇ ಮಾತ್ರ ಕಾಣೋದಿಲ್ಲ. ಕಾಣದ ಕಡೆಯಿಂದ ಏನಾದರೂ ಬಂದರೆ ಹೆದರಿ ಒದೆಯುತ್ತದೆ. ಅದಕ್ಕೇ ಹೆಗಲಿನ ಕಡೆಯಿಂದ ಮಾತಾಡುತ್ತ ಹೋಗಬೇಕು.

"ಏನಂತ ಮಾತಾಡ್ಲಿ ಕಾಕಾ?"

"ಏನರ ಮಾತಾಡು. ನಿನ್ನ ದನಿ ಕೇಳಿದ್ರ ಸಾಕು."

ಅವಳು ಏಳರ ಮಗ್ಗಿ ಶುರು ಮಾಡಿದಳು. "ಸಾತ್ ಏಕೆ ಸಾತ್, ಸಾತ್ ದುಣೆ ಚೌದಾ..." ಗೌರಿಯ ಒಂದು ಕಿವಿ ಅವಳ ಕಡೆ ತಿರುಗಿತು. ಮೂವತ್ತೈದಕ್ಕೆ ಬರುವಾಗ ಇನ್ನೊಂದೂ ತಿರುಗಿತು.

ಗೌರಿ ಭೀಮಥಡಿ ಕುದುರೆ. ಭೀಮಾ ನದಿಯ ದಂಡೆಯ ತಳಿ. ಎತ್ತರ ನನ್ನ ಎದೆಮಟ್ಟ. ಕುರಿ ಮೇಯಿಸುತ್ತ ಊರೂರು ತಿರುಗುವ ಧನಗರರು ಇಡೀ ಸಂಸಾರವನ್ನೇ ಇವುಗಳ ಬೆನ್ನ ಮೇಲೆ ಹೇರಿಕೊಂಡು ಹೋಗುತ್ತಾರೆ. ಪಾತ್ರೆ, ಹಾಸಿಗೆ, ಕೋಳಿ, ಮೊನ್ನೆ ಹುಟ್ಟಿದ ಕುರಿಮರಿ ಎಲ್ಲ. ಸಣ್ಣದು ಅಂತ ಅನ್ನುವವರಿಗೆ ನಾನು ಇದನ್ನೇ ಹೇಳೋದು.

ಹೊಲದಲ್ಲಿ ಚರಗ ಚೆಲ್ಲಿ, ಅಂದರೆ ಭೂತಾಯಿಗೆ ಅಡುಗೆಯ ಎಡೆ ಚೆಲ್ಲಿ, ಊಟಕ್ಕೆ ಕೂತೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಪುಂಡಿಪಲ್ಯ. ಹಬ್ಬ ಅಲ್ವಾ, ಒಬ್ಬೊಬ್ಬರೇ ಹೋಳಿಗೆ ಹಿಡಿದು ಗೌರಿಯ ಕಡೆ ಹೊರಟರು. ನಾನು ಯಾರಿಗೂ ಬಿಡಲಿಲ್ಲ. ಹೋದ ವರ್ಷ ಮನೆಯ ಕಾರ್ಯಕ್ಕೆ ಬಂದ ನೆಂಟರೊಬ್ಬರು ಉಳಿದ ಚಪಾತಿ, ಹೋಳಿಗೆಯನ್ನು ಬುಟ್ಟಿಗಟ್ಟಲೆ ತಿನ್ನಿಸಿದ್ದರು. ಪ್ರೀತಿಯಿಂದಲೇ. ಆ ರಾತ್ರಿ ಗೌರಿ ನೆಲ ಕೆರೆದಳು, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಂಡಳು, ಬಿದ್ದು ಹೊರಳಾಡಿದಳು. ಕುದುರೆಗೆ ವಾಂತಿ ಬರೋದಿಲ್ಲ. ತಿಂದದ್ದು ಹಿಂದಿನಿಂದಲೇ ಹೋಗಬೇಕು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು. ಮೆಲ್ಲಗೆ ನಡೆಸುತ್ತ ಇರಿ ಅಂದರು. ನಸುಕಿನಲ್ಲಿ ಅವಳು ಲದ್ದಿ ಹಾಕಿದಾಗ ನನ್ನ ಹೆಂಡತಿ ಕಂದೀಲು ಕೆಳಗಿಟ್ಟು ಕೈ ಮುಗಿದಳು.

ಹುಡುಗಿ ಇದನ್ನೆಲ್ಲ ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ದೊಡ್ಡವರು ಬಂದರೂ ಅಡ್ಡ ನಿಂತು "ಹೋಳಿಗಿ ಇಲ್ಲ" ಅಂತ ಹೇಳತೊಡಗಿದಳು. ನನ್ನ ಕೆಲಸ ಹಗುರಾಯಿತು.

ಸಂಜೆಗೆ ಗೊರಸು ತೋರಿಸಿದೆ. ನನಗೆ ಮಕ್ಕಳಿಗೆ ಮೊದಲು ಇದನ್ನೇ ತೋರಿಸಬೇಕು ಅನ್ನಿಸುತ್ತದೆ. ಹೆಗಲಿಗೆ ಹೆಗಲು ತಾಗಿಸಿ, ಬಾಲದ ಕಡೆ ಮುಖ ಮಾಡಿ ನಿಲ್ಲಬೇಕು. ಕಾಲಿನ ಮೇಲೆ ಕೈ ಜಾರಿಸುತ್ತ ಕೆಳಗೆ ಬಂದರೆ ಗೌರಿ ತಾನೇ ಕಾಲು ಎತ್ತುತ್ತಾಳೆ. ನಾನು ಹಿಡಿದುಕೊಂಡೆ, ಹುಡುಗಿ ಕೊಕ್ಕೆಯಿಂದ ಕೆದರಿದಳು. ಹಿಮ್ಮಡಿಯಿಂದ ತುದಿಯ ಕಡೆಗೆ. ಒಣಗಿದ ಮಣ್ಣು, ಲದ್ದಿ, ಆಮೇಲೆ ಕಡಲೆಕಾಳಿನಷ್ಟು ಒಂದು ಹರಳು. ಮಣ್ಣು ಹೋದ ಮೇಲೆ ನಡುವೆ ಮೂರು ಮೂಲೆಯ ಒಂದು ಉಬ್ಬು ಕಾಣಿಸಿತು. ಬೆರಳಿನಿಂದ ಒತ್ತಿ ನೋಡಿದಳು.

"ಅಯ್ಯ, ನನ್ನ ಖೋಡರಬ್ಬರ್ ಇದ್ದಂಗ ಐತಿ!" ಪೆನ್ಸಿಲ್ ಅಳಿಸುವ ರಬ್ಬರಿಗೆ ಅವಳು ಹಾಗನ್ನೋದು.

ಆ ಹರಳನ್ನು ಊಟಕ್ಕೆ ಕೂತಾಗಲೂ ಮುಷ್ಟಿಯಿಂದ ಬಿಡಲಿಲ್ಲ.

ಸವಾರಿಯೂ ಆಯಿತು. ಹೊಲದ ಬದುವಿನ ಮೇಲೆ ಎರಡು ಸುತ್ತು, ಲಗಾಮು ನನ್ನ ಕೈಯಲ್ಲಿ. ಗೆಳೆಯನೂ ಹತ್ತುತ್ತೇನೆ ಅಂದ. ಬೇಡ ಅಂದೆ, ಅವನ ತೂಕ ಜಾಸ್ತಿ. ಸ್ವಲ್ಪ ಮುನಿಸಿಕೊಂಡ. ಪರವಾಗಿಲ್ಲ.

ಮರುದಿನ ಮುಂಜಾನೆ ಗೊರಸು ಕತ್ತರಿಸಿ ಲಾಳ ಹೊಡೆಯುವ ನಾಲಬಂದ ಬಂದ. ಬೆಳೆದ ಗೊರಸನ್ನು ಅವನು ಕತ್ತರಿಸುತ್ತಿದ್ದರೆ ಊರ ನಾಯಿಗಳೆಲ್ಲ ಸುತ್ತ ಕೂತು ಕಾಯುತ್ತವೆ. ಚೂರು ಬಿದ್ದ ಕೂಡಲೇ ಕಚ್ಚಿಕೊಂಡು ಓಟ. "ನೋವಾಗಲ್ವಾ?" ಅಂತ ಹುಡುಗಿ ಕೇಳಿದಳು. ಇಲ್ಲ, ಅದೂ ನಮ್ಮ ಉಗುರಿನ ಹಾಗೆ ಅಂದೆ. ಗೊರಸು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಅವಳು ಒಂದು ಚೂರು ಎತ್ತಿಕೊಳ್ಳಬೇಕು ಅನ್ನುವಷ್ಟರಲ್ಲಿ ಕರಿ ನಾಯಿ ಹಾರಿಸಿಕೊಂಡು ಹೋಯಿತು. ಮತ್ತೆ ಯಾವಾಗ ಬರ್ತಾನ ಅಂತ ನಾಲಬಂದನನ್ನೇ ಕೇಳಿದಳು. ಆರು ವಾರ ಅಂದ.

ಮೊನ್ನೆ ಭಾನುವಾರ ಫೋನ್ ಬಂತು. ಅಪ್ಪನ ಕೈಯಿಂದ ಕಸಿದುಕೊಂಡು ಅವಳೇ ಮಾತಾಡಿದಳು.

"ಕಾಕಾ, ನಾಲಬಂದ ಬಂದಿದ್ನ?"

"ಇನ್ನೂ ಹತ್ತು ದಿನ ಐತಿ, ತಂಗಿ."

"ಹಂಗಾರ ಕರಿ ನಾಯಿನ ಕಟ್ಟಿ ಹಾಕ್ರಿ. ಒಂದು ಚೂರು ನನಗ ತೆಗೆದು ಇಡ್ರಿ."