ಕಣಗಿಲೆ, ಏಡಿಯ ನರ ಮತ್ತು ಸೋಡಿಯಂ ಪಂಪು

ನಮ್ಮ ಜೀವಕೋಶಗಳ ಪೊರೆಯಲ್ಲಿ ಸೋಡಿಯಂ ಪಂಪು ಅನ್ನೋ ಒಂದು ಪ್ರೋಟೀನ್ ಕೂತಿರತ್ತೆ, ಒಂದು ಎಟಿಪಿ (ಕೋಶಕ್ಕೆ ಶಕ್ತಿ ಕೊಡೋ ಅಣು) ಖರ್ಚು ಮಾಡಿ ಮೂರು ಸೋಡಿಯಂ ಅಯಾನ್ (ವಿದ್ಯುದಂಶ ಇರೋ ಕಣ) ಹೊರಗೆ ಹಾಕತ್ತೆ, ಎರಡು ಪೊಟ್ಯಾಸಿಯಂ ಒಳಗೆ ತಗೊಳತ್ತೆ, ಇದು ನಿಲ್ಲೋದೇ ಇಲ್ಲ. ನಾವು ಸುಮ್ನೆ ಕೂತಿದ್ದಾಗ್ಲೂ ದೇಹ ಬಳಸೋ ಶಕ್ತಿಯಲ್ಲಿ ಸುಮಾರು ಐದರಲ್ಲೊಂದು ಪಾಲು ಇದಕ್ಕೇ ಹೋಗತ್ತೆ. ಟೆಕ್ಸ್ಟ್‌ಬುಕ್‌ಗಳಲ್ಲಿ ಎರಡು ಲೈನಲ್ಲಿ ಮುಗಿಸಿಬಿಡ್ತಾರೆ, ಆದ್ರೆ ಇದು ಸಿಕ್ಕಿದ ಕಥೆ ನಂಗೆ ತುಂಬಾ ಇಷ್ಟ, ಯಾಕಂದ್ರೆ ಕೆಮಿಸ್ಟ್ರಿ, ಫಿಸಿಯಾಲಜಿ, ಬಾಟನಿ ಮೂರೂ ಅದರಲ್ಲಿ ಒಂದೇ ಕಡೆ ಬಂದು ಸೇರ್ತವೆ.

1950ರ ದಶಕ, ಡೆನ್ಮಾರ್ಕಿನ ಆರ್ಹುಸ್. ಯೆನ್ಸ್ ಸ್ಕೌ ಅಂತ ಒಬ್ಬರು, ಓದಿದ್ದು ಡಾಕ್ಟರಿಕೆ, ತಲೆ ಕೆಡಿಸ್ಕೊಂಡಿದ್ದದ್ದು ಮರಗಟ್ಟಿಸೋ ಇಂಜೆಕ್ಷನ್ ನರದ ಮೇಲೆ ಹೇಗೆ ಕೆಲಸ ಮಾಡತ್ತೆ ಅನ್ನೋದಕ್ಕೆ. ಅದಕ್ಕೆ ಪೊರೆಯಲ್ಲಿರೋ, ರಾಸಾಯನಿಕ ಕ್ರಿಯೆ ಚುರುಕು ಮಾಡೋ ಒಂದು ಪ್ರೋಟೀನ್, ಅಂದ್ರೆ ಎನ್‌ಜೈಮ್ ಬೇಕಿತ್ತು, ಹಾಗಾಗಿ ಏಡಿ ಕಾಲಿನ ನರಗಳನ್ನ ಅರೆದು, ಎಟಿಪಿ ಒಡೆಯೋ ಎನ್‌ಜೈಮ್ ಹುಡುಕಿದ್ರು. ಮೆಗ್ನೀಸಿಯಂ ಜೊತೆ ಸೋಡಿಯಂ ಮಾತ್ರ ಹಾಕಿದ್ರೆ ಎಟಿಪಿ ಒಡೆಯೋ ವೇಗ ಸ್ವಲ್ಪ ಏರತ್ತೆ, ಪೊಟ್ಯಾಸಿಯಂ ಮಾತ್ರ ಹಾಕಿದ್ರೆ ಏನೂ ಇಲ್ಲ, ಎರಡನ್ನೂ ಒಟ್ಟಿಗೆ ಹಾಕಿದ್ರೆ ಮಾತ್ರ ಜೋರಾಗಿ ಏರಿಬಿಡತ್ತೆ. ಇಂಥ ಎನ್‌ಜೈಮ್ ಬೇರೇನು ಮಾಡೀತು, ಅಯಾನುಗಳನ್ನ ಸಾಗಿಸೋದರಲ್ಲೇ ಇದಕ್ಕೆ ಕೈ ಇರಬೇಕು ಅಂತ ಅವರಿಗೆ ಹೊಳೀತು. ಆದ್ರೂ 1957ರ ಪೇಪರಿನ ಹೆಸರಲ್ಲಿ ಪಂಪು ಅನ್ನೋ ಮಾತು ಎತ್ತಲೇ ಇಲ್ಲ, ಆ ಸಂಯಮ ನೋಡಿದ್ರೆ ನಂಗೆ ಗೌರವ ಹುಟ್ಟತ್ತೆ.

ಮುಂದಿನ ವರ್ಷ ವಿಯೆನ್ನಾದಲ್ಲಿ ಬಯೋಕೆಮಿಸ್ಟ್ರಿ ಸಮ್ಮೇಳನ. ಅಮೆರಿಕದ ರಾಬರ್ಟ್ ಪೋಸ್ಟ್ ಅಲ್ಲಿ ಸಿಕ್ಕಿ, ನಿಮ್ಮ ಎನ್‌ಜೈಮನ್ನ ಊಬೇನ್ (ಒಂದು ಗಿಡದ ವಿಷ) ತಡೆಯತ್ತಾ ಅಂತ ಕೇಳಿದ್ರು. ಸ್ಕೌ ಅವರಿಗೆ ಊಬೇನ್ ಅಂದ್ರೇನು ಅಂತಲೇ ಗೊತ್ತಿರಲಿಲ್ಲ! ಲ್ಯಾಬಿಗೆ ಫೋನ್ ಮಾಡಿ ಟೆಸ್ಟ್ ಮಾಡ್ಸಿದ್ರು, ತಡೆಯತ್ತೆ ಅಂತ ಉತ್ತರ ಬಂತು. ಈ ಜಾತಿಯ ವಿಷಗಳು ಕೆಂಪು ರಕ್ತಕಣದಲ್ಲಿ ಸೋಡಿಯಂ ಸಾಗಾಟ ನಿಲ್ಲಿಸ್ತವೆ ಅಂತ ಸ್ವಿಟ್ಜರ್ಲೆಂಡಿನ ಶಾಟ್ಸ್‌ಮನ್ 1953ರಲ್ಲೇ ತೋರಿಸಿದ್ರು, ಅಂದ್ಮೇಲೆ ಏಡಿಯ ನರದ ಎನ್‌ಜೈಮು ಮತ್ತು ಆ ಪಂಪು ಒಂದೇ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಸಿಕ್ಕಂಗಾಯ್ತು. ಈ ಕೆಲಸಕ್ಕೇ 1997ರ ಕೆಮಿಸ್ಟ್ರಿ ನೊಬೆಲ್‌ನಲ್ಲಿ ಸ್ಕೌಗೆ ಅರ್ಧ ಪಾಲು, ಉಳಿದರ್ಧ ಎಟಿಪಿ ತಯಾರಾಗೋ ಬಗೆ ತೋರಿಸಿದ ಬಾಯರ್ ಮತ್ತು ವಾಕರ್ ಇಬ್ಬರಿಗೆ.

ಈ ಊಬೇನ್ ಬರೋದು ಆಫ್ರಿಕಾದ ಅಕೋಕಾಂತೆರಾ, ಸ್ಟ್ರೋಫಾಂತಸ್ ಗಿಡಗಳಿಂದ, ಅಲ್ಲಿ ಬೇಟೆಗೆ ಬಾಣದ ತುದಿಗೆ ಹಚ್ತಿದ್ರು. ಇವು ಯಾವ ಕುಟುಂಬ ಅಂತೀರಾ? ನಮ್ಮ ಕಣಗಿಲೆ ಕುಟುಂಬ, ಅಪೋಸೈನೇಸಿ. ಕಣಗಿಲೆಯ ಓಲಿಯಾಂಡ್ರಿನ್ ಕೂಡ ಹೋಗಿ ತಡೆಯೋದು ಇದೇ ಪಂಪನ್ನ. ರಥಸಪ್ತಮಿ ದಿನ ತಲೆ ಮೇಲೆ ಎಲೆ ಇಟ್ಕೊಂಡು ಸ್ನಾನ ಮಾಡ್ತೀವಲ್ಲ, ಆ ಎಕ್ಕದ ಹಾಲಲ್ಲೂ ಇದೇ ಥರದ ವಿಷ ಇದೆ, ಆದ್ರೆ ರಾಬರ್ಟ್ ಬ್ರೌನ್ 1810ರಲ್ಲಿ ಎಕ್ಕದ ಬಳಗವನ್ನ ಬೇರೆ ಕುಟುಂಬ ಮಾಡಿದ್ರಿಂದ ಎಷ್ಟೋ ಕಾಲ ಎರಡನ್ನೂ ಬೇರೆ ಬೇರೆ ಅಂತಲೇ ಓದ್ತಿದ್ರು. 1998ರಲ್ಲಿ ಎಪಿಜಿ ಅನ್ನೋ ಹೂಬಿಡೋ ಗಿಡಗಳ ಹೊಸ ವರ್ಗೀಕರಣ ಬಂದಾಗ ಡಿಎನ್‌ಎ ಆಧಾರದ ಮೇಲೆ ಮತ್ತೆ ಒಂದೇ ಮನೆಗೆ ಸೇರಿಸಿದ್ರು. ಹಾಗಂತ ವಿಷ ನೋಡಿ ನೆಂಟಸ್ತನ ಹೇಳಕ್ಕಾಗಲ್ಲ, ಹಾರ್ಟಿಗೆ ಕೊಡೋ ಡಿಗಾಕ್ಸಿನ್ ಬರೋ ಡಿಜಿಟಾಲಿಸ್ ಗಿಡ ದೂರದ ಬೇರೆ ಕುಟುಂಬದ್ದು, ಆದ್ರೂ ಅದರ ವಿಷದ ಆಕಾರ ಹೆಚ್ಚುಕಮ್ಮಿ ಇದೇ ಥರ.

ಪಂಪು ನಿಧಾನ ಆದ್ರೆ ಕೋಶದೊಳಗೆ ಸೋಡಿಯಂ ಏರತ್ತೆ, ಅದರಿಂದ ಕ್ಯಾಲ್ಸಿಯಂ ಹೊರಗೆ ಹೋಗೋದು ಕಮ್ಮಿಯಾಗತ್ತೆ, ಹೃದಯ ಗಟ್ಟಿಯಾಗಿ ಬಡಿಯತ್ತೆ, ಸ್ವಲ್ಪ ಜಾಸ್ತಿಯಾದ್ರೆ ಲಯವೇ ತಪ್ಪಿಹೋಗತ್ತೆ, ಹಾಗಾಗಿ ಮನೆಮದ್ದು ಅಂತ ಕಣಗಿಲೆ ಬೇರು ಬೀಜ ಮುಟ್ಟಲೇಬೇಡಿ ದಯವಿಟ್ಟು. ಆ ಆಕಾರದ ಹೋಲಿಕೆಯೇ ಚಿಕಿತ್ಸೆಗೂ ದಾರಿ ಮಾಡಿದೆ. ಡಿಗಾಕ್ಸಿನ್ ವಿರುದ್ಧ ತಯಾರಿಸಿದ ಆಂಟಿಬಾಡಿ (ವಿಷಕ್ಕೆ ಅಂಟಿ ಅದನ್ನ ಕಟ್ಟಿಹಾಕೋ ಪ್ರೋಟೀನ್) ಹಳದಿ ಕಣಗಿಲೆ ವಿಷಕ್ಕೂ ಕೆಲಸ ಮಾಡತ್ತೆ ಅಂತ ಶ್ರೀಲಂಕಾದಲ್ಲಿ ನಡೆದ ಟ್ರಯಲ್ 2000ದಲ್ಲಿ ತೋರಿಸ್ತು. ಔಷಧಿ ಮಾತ್ರ ವಿಪರೀತ ದುಬಾರಿ, ಈ ಗಿಡ ಬೇಲಿಬೇಲಿಯಲ್ಲಿ ಬೆಳೆಯೋ ದೇಶಗಳಿಗೆ ಕೈಗೆಟುಕೋ ರೇಟಲ್ಲಿ ಅದನ್ನ ತಯಾರಿಸೋ ಕೆಲಸ ಯಾರಾದ್ರೂ ಕೈಗೆತ್ತಿಕೊಳ್ಳಬೇಕು ಅಂತ ನಂಗೆ ತುಂಬಾ ಆಸೆ.