ಪ್ರಬಲ ಗುಣಕ್ಕೆ ಪ್ರಾಬಲ್ಯ ಇರಬೇಕಿಲ್ಲವಂತೆ!

‘ಪ್ರಬಲ ಗುಣವು ಜನಸಮುದಾಯದಲ್ಲಿ ಪ್ರಾಬಲ್ಯ ಹೊಂದಿರಬೇಕಾಗಿಲ್ಲ.’

ತಿದ್ದಲು ಬಂದಿದ್ದ ಅನುವಾದವೊಂದರ ನಡುವೆ ಈ ವಾಕ್ಯ ಸಿಕ್ಕಿತು. ತಳಿವಿಜ್ಞಾನವನ್ನು ಸಾಮಾನ್ಯ ಓದುಗರಿಗೆ ತಿಳಿಸಿಕೊಡುವ ಲೇಖನ ಅದು. ಕಾಗುಣಿತ ಸರಿಯಿದೆ, ವ್ಯಾಕರಣ ಸರಿಯಿದೆ, ಒಂದೊಂದು ಪದದ ಬೆನ್ನಿಗೂ ನಿಘಂಟು ನಿಂತಿದೆ. ಓದಿದವರಿಗೆ ಮಾತ್ರ ಏನೂ ದಕ್ಕುವುದಿಲ್ಲ. ಬಲ ಇರುವುದಕ್ಕೆ ಬಲ ಇರಬೇಕಿಲ್ಲ ಅಂದರೆ ಏನರ್ಥ?

ಇಂಗ್ಲಿಷ್ ಮೂಲ ತೆಗೆದು ನೋಡಿದೆ. ಅಲ್ಲಿ ಗೊಂದಲವೇ ಇರಲಿಲ್ಲ. ಗುಣಕ್ಕೆ ವಿಶೇಷಣವಾಗಿ ‘ಡಾಮಿನೆಂಟ್’ ಬಂದಿತ್ತು, ವಾಕ್ಯದ ಕ್ರಿಯಾಪದ ‘ಪ್ರಿಡಾಮಿನೇಟ್’. ಒಂದೇ ಬೇರಿನ ಎರಡು ಪದಗಳನ್ನು ಬೇಕೆಂದೇ ಎದುರುಬದುರು ನಿಲ್ಲಿಸಿದ್ದರು. ಕನ್ನಡಕ್ಕೆ ಬರುವಾಗ ಎರಡೂ ‘ಬಲ’ದೊಳಗೆ ಬಿದ್ದು ಒಂದಾಗಿದ್ದವು.

ಅನುವಾದಕಿ ಜೀವಶಾಸ್ತ್ರ ಓದಿದವರು, ನನಗಿಂತ ಬಹಳ ಚಿಕ್ಕವರು. ಫೋನ್ ಮಾಡಿ, “ಈ ವಾಕ್ಯ ಒಮ್ಮೆ ಜೋರಾಗಿ ಓದಿ ನೋಡಿ” ಅಂದೆ. ಓದಿದರು. ಆ ಕಡೆಯಿಂದ ನಗು ಕೇಳಿಸಿತು.

“ಆದ್ರೆ ಮೇಡಂ, ನಿಘಂಟಲ್ಲೇ ಹಾಗಿದೆ. ಪ್ರಿಡಾಮಿನೇಟ್ ಅಂದ್ರೆ ಪ್ರಾಬಲ್ಯ ಹೊಂದು, ಮೇಲುಗೈ ಪಡೆ.”

“ಡಾಮಿನೇಟ್‌ಗೆ ಏನು ಕೊಟ್ಟಿದಾರೆ?”

“ಹೆಚ್ಚುಕಮ್ಮಿ ಅದನ್ನೇ.”

ನಿಘಂಟನ್ನು ದೂರುವ ಹಾಗಿಲ್ಲ. ಪ್ರಿಡಾಮಿನೇಟ್‌ಗೆ ಇಂಗ್ಲಿಷ್ ನಿಘಂಟುಗಳು ಕೂಡ ಎರಡು ಅರ್ಥ ಕೊಡುತ್ತವೆ: ಅಧಿಕಾರದಲ್ಲಿ ಮೇಲಾಗಿರು ಎಂಬುದು ಒಂದು, ಸಂಖ್ಯೆಯಲ್ಲೋ ಪ್ರಮಾಣದಲ್ಲೋ ಹೆಚ್ಚಾಗಿರು ಎಂಬುದು ಇನ್ನೊಂದು. ಈಗಿನ ಬರವಣಿಗೆಯಲ್ಲಿ, ಅದರಲ್ಲೂ ವಿಜ್ಞಾನದ ಬರವಣಿಗೆಯಲ್ಲಿ, ನಾನು ಕಾಣುವುದು ಹೆಚ್ಚಾಗಿ ಎರಡನೆಯದನ್ನೇ. ನಮ್ಮ ಅನುವಾದಕರು ಎತ್ತಿಕೊಳ್ಳುವುದು ಮೊದಲನೆಯದನ್ನು. ಅದು ಪಟ್ಟಿಯಲ್ಲಿ ಮೊದಲಿಗೆ ಕಾಣುತ್ತದೆ, ಕೇಳಲು ಗಂಭೀರವಾಗಿಯೂ ಇದೆ.

ಎರಡು ಕ್ರಿಯಾಪದಗಳ ನಡೆಯೇ ಬೇರೆ. ಡಾಮಿನೇಟ್ ಸಾಮಾನ್ಯವಾಗಿ ಯಾರನ್ನು, ಯಾವುದನ್ನು ಎಂದು ಕೇಳಿಸಿಕೊಳ್ಳುತ್ತದೆ. ಒಬ್ಬ ಸಭೆಯನ್ನು ಡಾಮಿನೇಟ್ ಮಾಡುತ್ತಾನೆ, ಒಂದು ತಂಡ ಎದುರಾಳಿಯನ್ನು ಡಾಮಿನೇಟ್ ಮಾಡುತ್ತದೆ. ಕೆಳಗೆ ಸಿಕ್ಕಿಕೊಂಡವರೊಬ್ಬರು ಇದ್ದೇ ಇರುತ್ತಾರೆ. ಪ್ರಿಡಾಮಿನೇಟ್‌ಗೆ ಅಂಥ ಕರ್ಮಪದ ಬೇಕಿಲ್ಲ, ಅದು ಅಕರ್ಮಕ. ಈ ಕಾಡಿನಲ್ಲಿ ಪೈನ್ ಮರಗಳು ಪ್ರಿಡಾಮಿನೇಟ್ ಮಾಡುತ್ತವೆ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಯಾವುದಕ್ಕಿಂತ ಎಂದು ಹೇಳಲೇಬೇಕಾದರೆ ‘ಓವರ್’ ಸೇರಿಸಿಕೊಳ್ಳುತ್ತಾರೆ. ಕರ್ಮಪದ ಇಲ್ಲದ್ದರಿಂದ ಕರ್ಮಣಿ ಪ್ರಯೋಗವೂ ಇಲ್ಲ. ಡಾಮಿನೇಟೆಡ್ ಬೈ ಎಂದು ಎಲ್ಲರೂ ಬರೆಯುತ್ತಾರೆ, ಪ್ರಿಡಾಮಿನೇಟೆಡ್ ಬೈ ಎಂದು ಬರೆದರೆ ಓದುಗರು ಹುಬ್ಬೇರಿಸುತ್ತಾರೆ.

ನನಗೆ ಹೊಳೆದ ಉದಾಹರಣೆ ಗಾಳಿಯದು. ಒಣ ಗಾಳಿಯಲ್ಲಿ ಸಾರಜನಕ ಸುಮಾರು ಶೇ. 78, ಆಮ್ಲಜನಕ ಸುಮಾರು ಶೇ. 21. ಇಲ್ಲಿ ಪ್ರಿಡಾಮಿನೇಟ್ ಮಾಡುವುದು ಸಾರಜನಕ, ಅನುಮಾನವೇ ಬೇಡ. ಆದರೆ ಕಡ್ಡಿ ಗೀರಿದಾಗ ಬೆಂಕಿ ಹತ್ತುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು, ನಾವು ಉಸಿರಾಡಿ ಬದುಕುವುದು, ಇವೆಲ್ಲ ನಡೆಯುವುದು ಆಮ್ಲಜನಕದಿಂದ. ಸಾರಜನಕ ತನ್ನ ಪಾಡಿಗೆ ತಾನು ಸುಮ್ಮನಿರುತ್ತದೆ. ಅದು ‘ಗಾಳಿಯಲ್ಲಿ ಪ್ರಾಬಲ್ಯ ಸಾಧಿಸಿದೆ’ ಎಂದು ಬರೆದರೆ ಪಾಪ, ಮಾಡದ ಕೆಲಸಕ್ಕೆ ಹಾರ ಹಾಕಿದಂತೆ.

“ಹಾಗಾದ್ರೆ ಕನ್ನಡದಲ್ಲಿ ಅದಕ್ಕೊಂದು ಕ್ರಿಯಾಪದ ಬೇಕಲ್ಲ ಮೇಡಂ?” ಎಂದರು.

ಬೇಕೇ? ನನಗಂತೂ ಬೇಕು ಅನಿಸುವುದಿಲ್ಲ. ‘ಈ ಕಾಡಿನಲ್ಲಿ ಪೈನ್ ಮರಗಳೇ ಹೆಚ್ಚು.’ ಎಷ್ಟು ಸಲೀಸಾಗಿದೆ! ಇಂಗ್ಲಿಷಿನವರು ಉದ್ದನೆಯ ಲ್ಯಾಟಿನ್ ಮೂಲದ ಕ್ರಿಯಾಪದದಿಂದ ಮಾಡಿಸುವ ಕೆಲಸವನ್ನು ನಾವು ಒಂದು ‘ಏ’ಕಾರ, ಒಂದು ‘ಹೆಚ್ಚು’ ಇಟ್ಟುಕೊಂಡು ಮುಗಿಸುತ್ತೇವೆ. ಬೇರೆ ಮರಗಳೂ ಇವೆ ಎಂಬ ಸೂಚನೆ ‘ಹೆಚ್ಚು’ವಿನಲ್ಲಿದೆ. ಎದ್ದು ಕಾಣುವುದು ಇವು ಎಂಬ ಒತ್ತು ‘ಏ’ಯಲ್ಲಿದೆ. ‘ಬರೀ ಪೈನ್ ಮರಗಳೇ’ ಎಂದುಬಿಟ್ಟರೆ ಅದು ಅತಿಯಾಯಿತು, ಬೇರೆ ಮರಗಳನ್ನೆಲ್ಲ ನಾವೇ ಕಡಿದು ಹಾಕಿದಂತೆ. ಕ್ರಿಯಾಪದದ ಜಾಗಕ್ಕೆ ಕ್ರಿಯಾಪದವನ್ನೇ ಕೂರಿಸಬೇಕೆಂಬ ಹಟದಿಂದಲೇ ‘ಮರಗಳು ಮೇಲುಗೈ ಸಾಧಿಸಿವೆ’, ‘ಮೋಡಗಳು ಆಧಿಪತ್ಯ ನಡೆಸಿವೆ’ ಎಂಬಂಥ ಕನ್ನಡ ಹುಟ್ಟುವುದು. ಸ್ವಲ್ಪ ಶಾಸ್ತ್ರೀಯವಾಗಿ ಬೇಕೆಂದರೆ ‘ಪ್ರಧಾನ’ ಇದೆ. ಆಯುರ್ವೇದದವರು ವಾತಪ್ರಧಾನ, ಪಿತ್ತಪ್ರಧಾನ, ಕಫಪ್ರಧಾನ ಎಂದು ಹೇಳಿಕೊಂಡೇ ಬಂದಿದ್ದಾರೆ. ಮೂರೂ ಇವೆ, ಅವುಗಳಲ್ಲಿ ಒಂದರ ಪಾಲು ಜಾಸ್ತಿ ಎಂಬುದೇ ಅದರ ತಾತ್ಪರ್ಯ.

ಇಷ್ಟು ಮಾತಾಡುವಷ್ಟರಲ್ಲಿ ಅನುವಾದಕಿಗೆ ಹುಮ್ಮಸ್ಸು ಬಂದಿತ್ತು. “ಮೇಡಂ, ಆ ವಾಕ್ಯದ ವಿಜ್ಞಾನ ನಾನು ಹೇಳ್ತೀನಿ” ಎಂದರು. ಅಲ್ಲಿಂದ ಮುಂದೆ ನಾನು ಕೇಳಿಸಿಕೊಂಡದ್ದೇ ಹೆಚ್ಚು.

ಮೆಂಡೆಲ್ 1866ರಲ್ಲಿ ಅಚ್ಚಾದ ತಮ್ಮ ಬಟಾಣಿ ಪ್ರಬಂಧದಲ್ಲಿ ಡಾಮಿನೇಟ್‌ನ ಜರ್ಮನ್ ರೂಪವನ್ನೇ ಬಳಸಿದ್ದರು. ಹಳದಿ ಬೀಜದ ಗಿಡಕ್ಕೂ ಹಸಿರು ಬೀಜದ ಗಿಡಕ್ಕೂ ಸಂಕರ ಮಾಡಿದರೆ ಮೊದಲ ಪೀಳಿಗೆಯ ಬೀಜಗಳೆಲ್ಲ ಹಳದಿ. ಒಂದು ಗುಣಕ್ಕೆ ತಂದೆಯ ಕಡೆಯಿಂದ ಒಂದು, ತಾಯಿಯ ಕಡೆಯಿಂದ ಒಂದು, ಹೀಗೆ ವಂಶವಾಹಿಯ ಎರಡು ಪ್ರತಿಗಳ ಜೋಡಿ ಇರುತ್ತದೆ. ಆ ಜೋಡಿಯಲ್ಲಿ ಹಳದಿ ಇದ್ದರೆ ಹಸಿರು ಹೊರಗೆ ಕಾಣಿಸುವುದಿಲ್ಲ, ಅಷ್ಟೇ. ಆ ಗಿಡಗಳು ಸ್ವಕೀಯ ಪರಾಗಸ್ಪರ್ಶದಿಂದ ಬಿಟ್ಟ ಮುಂದಿನ ಪೀಳಿಗೆಯಲ್ಲಿ ಮೆಂಡೆಲ್ ಎಣಿಸಿದ್ದು 6022 ಹಳದಿ ಬೀಜ, 2001 ಹಸಿರು ಬೀಜ. ಮೂರಕ್ಕೆ ಒಂದು.

“ಎಡವಟ್ಟಾಗೋದು ಇಲ್ಲೇ ಮೇಡಂ. ಈ ಮೂರಕ್ಕೊಂದು ಎಲ್ಲರ ತಲೇಲಿ ಕೂತುಬಿಡುತ್ತೆ. ಡಾಮಿನೆಂಟ್ ಆಗಿದ್ದು ಯಾವಾಗ್ಲೂ ಮುಕ್ಕಾಲು ಪಾಲು ಇರುತ್ತೆ ಅಂದ್ಕೊಳ್ತಾರೆ. ತೋಟದಲ್ಲಿ ಹಾಗೆ ಬಂದಿದ್ದು ಯಾಕೆ? ಮೆಂಡೆಲ್ ಎರಡೂ ಕಡೆಯಿಂದ ಸಮಸಮ ಹಾಕಿ ಶುರು ಮಾಡಿದ್ರಲ್ಲ, ಅದಕ್ಕೆ.”

ಈ ಗೊಂದಲ ಘಟಾನುಘಟಿಗಳಿಗೂ ಆಗಿತ್ತು. ಕೆಲವರಿಗೆ ಹುಟ್ಟಿನಿಂದಲೇ ಬೆರಳು ಗಿಡ್ಡವಾಗಿರುತ್ತದೆ, ಆ ಗುಣ ಡಾಮಿನೆಂಟ್ ಎಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಗೊತ್ತಾಗಿತ್ತು. ಹಾಗಿದ್ದರೆ ಕಾಲ ಕಳೆದಂತೆ ನಾಲ್ವರಲ್ಲಿ ಮೂವರಿಗೆ ಗಿಡ್ಡ ಬೆರಳು ಬರಬೇಕಲ್ಲ ಎಂಬ ಮಾತು ಚರ್ಚೆಯೊಂದರಲ್ಲಿ ಎದ್ದಿತು. ತಳಿವಿಜ್ಞಾನಿ ಪನೆಟ್ ಆ ಪ್ರಶ್ನೆಯನ್ನು ಕೇಂಬ್ರಿಜ್‌ನ ಗಣಿತಜ್ಞ ಜಿ.ಎಚ್. ಹಾರ್ಡಿಯವರ ಬಳಿಗೆ ಒಯ್ದರು. ಇಬ್ಬರೂ ಜೊತೆಯಲ್ಲಿ ಕ್ರಿಕೆಟ್ ಆಡುತ್ತಿದ್ದ ಗೆಳೆಯರು. 1908ರಲ್ಲಿ ಹಾರ್ಡಿ ‘ಸೈನ್ಸ್’ ಪತ್ರಿಕೆಗೆ ಪುಟ್ಟದೊಂದು ಪತ್ರ ಬರೆದು, ಡಾಮಿನೆಂಟ್ ಗುಣ ಇಡೀ ಜನಸಮುದಾಯಕ್ಕೆ ಹರಡಿಕೊಳ್ಳುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ ಎಂದು ಬಹಳ ಸರಳ ಲೆಕ್ಕದಲ್ಲಿ ತೋರಿಸಿದರು. ಅದೇ ವರ್ಷ ಜರ್ಮನಿಯ ವೈದ್ಯ ವೈನ್‌ಬರ್ಗ್ ಕೂಡ ಸ್ವತಂತ್ರವಾಗಿ ಅದನ್ನೇ ಕಂಡುಕೊಂಡಿದ್ದರು. ನೂರು ವಂಶವಾಹಿ ಪ್ರತಿಗಳಲ್ಲಿ ಒಂದು ಮಾತ್ರ ಗಿಡ್ಡ ಬೆರಳಿನದಾಗಿದ್ದರೆ, ಗಿಡ್ಡ ಬೆರಳಿನವರು ನೂರಕ್ಕೆ ಹತ್ತಿರಹತ್ತಿರ ಇಬ್ಬರು. ಬೇರೆ ಒತ್ತಡಗಳಿಲ್ಲದಿದ್ದರೆ ಮುಂದಿನ ತಲೆಮಾರಿನಲ್ಲೂ ಅಷ್ಟೇ, ಅದರ ಮುಂದಿನದರಲ್ಲೂ ಅಷ್ಟೇ.

ತಿರುವುಮುರುವು ಕೂಡ ಇದೆ. ರಕ್ತದ ಗುಂಪುಗಳಲ್ಲಿ ಎ, ಬಿ ಎರಡೂ ಓ ಮೇಲೆ ಡಾಮಿನೆಂಟ್. ಜೋಡಿಯಲ್ಲಿ ಎರಡೂ ಓ ಆಗಿದ್ದರೆ ಮಾತ್ರ ಓ ಗುಂಪು. ಆದರೂ ಪ್ರಪಂಚದಲ್ಲಿ ಓ ಗುಂಪಿನವರೇ ಜಾಸ್ತಿ, ದಕ್ಷಿಣ ಅಮೆರಿಕದ ಕೆಲವು ಮೂಲನಿವಾಸಿ ಸಮುದಾಯಗಳಲ್ಲಂತೂ ಹೆಚ್ಚುಕಡಿಮೆ ಎಲ್ಲರೂ ಅದೇ. ಜೋಡಿಯೊಳಗೆ ಸೋಲುವುದು ಓ, ಲೆಕ್ಕದಲ್ಲಿ ಮುಂದಿರುವುದೂ ಓ. ನಮ್ಮ ಪಠ್ಯಗಳಲ್ಲಿ ಇಂಥ ಗುಣಕ್ಕೆ ‘ದುರ್ಬಲ’ ಎಂಬ ಹೆಸರು ಬೇರೆ! ನನಗೆ ಅದು ಎಂದೂ ಹಿಡಿಸಿದ್ದಿಲ್ಲ. ‘ಸುಪ್ತ’ ಎಂದರೆ ಹೊರಗೆ ಕಾಣದೆ ಇದೆ ಎಂಬ ಸತ್ಯವಾದರೂ ಉಳಿಯುತ್ತದೆ.

ಇಬ್ಬರೂ ಸೇರಿ ವಾಕ್ಯವನ್ನು ಹೀಗೆ ಮಾಡಿದೆವು: ‘ಪ್ರಬಲ ಗುಣವೇ ಜನರಲ್ಲಿ ಹೆಚ್ಚಾಗಿ ಕಾಣಬೇಕೆಂದೇನೂ ಇಲ್ಲ.’ ಅದರ ಬೆನ್ನಿಗೆ ರಕ್ತದ ಗುಂಪಿನ ಉದಾಹರಣೆ ಸೇರಿಸುವ ಸಲಹೆ ಅವರದೇ.

ಕೆಲಸ ಮುಗಿದರೂ ಪದ ತಲೆಯಿಂದ ಇಳಿಯಲಿಲ್ಲ. ಸಂಜೆ ಅದರ ಹಿಂದಿನ ಕಥೆ ಹುಡುಕಿದೆ. ಡಾಮಿನಸ್ ಎಂದರೆ ಲ್ಯಾಟಿನ್‌ನಲ್ಲಿ ಒಡೆಯ, ಯಜಮಾನ. ಪದದ ಆರಂಭಕ್ಕೆ ಸೇರಿಕೊಂಡ ‘ಪ್ರಿ’ ಮುಂದಿರುವುದನ್ನು ಹೇಳುತ್ತದೆ. ಷೇಕ್ಸ್‌ಪಿಯರ್ ಕಾಲದಲ್ಲಿ ಪ್ರಿಡಾಮಿನೆಂಟ್ ಎಂಬುದು ಜ್ಯೋತಿಷಿಗಳ ಮಾತೂ ಆಗಿತ್ತು: ಹುಟ್ಟಿದ ಗಳಿಗೆಯಲ್ಲಿ ಬಲವಾಗಿದ್ದ ಗ್ರಹ. ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ ನಾಟಕದಲ್ಲಿ ಬಡಾಯಿ ಸೈನಿಕ ಪರೋಲೆಸ್, ತಾನು ಹುಟ್ಟಿದಾಗ ಕುಜ ಪ್ರಿಡಾಮಿನೆಂಟ್ ಆಗಿದ್ದ ಎನ್ನುತ್ತಾನೆ. ಹೆಲೆನಾ ಬಿಡುತ್ತಾಳೆಯೇ, ವಕ್ರಗತಿಯಲ್ಲಿದ್ದಿರಬೇಕು ಎನ್ನುತ್ತಾಳೆ. ಯಾಕೆ ಎಂದರೆ, ಕಾದಾಡುವಾಗ ನೀನು ಅಷ್ಟೊಂದು ಹಿಂದಕ್ಕೆ ಹೋಗುತ್ತೀಯಲ್ಲ, ಅದಕ್ಕೆ! ಗ್ರಹಬಲ, ವಕ್ರಗತಿ ಎಲ್ಲ ನಮಗೆ ಮನೆಮಾತು, ಆದ್ದರಿಂದ ಈ ಹಾಸ್ಯಕ್ಕೆ ಅಡಿಟಿಪ್ಪಣಿಯೇ ಬೇಡ. ಅಂದರೆ ಅಂದಿನ ಪದದೊಳಗೆ ಅಧಿಕಾರದ ಕಾವು ಇದ್ದೇ ಇತ್ತು. ಈಗ ಅದರ ಬಹುಪಾಲು ಡಾಮಿನೇಟ್ ಹತ್ತಿರ ಉಳಿದಿದೆ.

ರಾತ್ರಿ ಅನುವಾದಕಿಯಿಂದ ಸಂದೇಶ ಬಂತು: ಪ್ರಿಡಾಮಿನಂಟ್ಲಿ ಸರಿಯೋ, ಪ್ರಿಡಾಮಿನೇಟ್ಲಿ ಸರಿಯೋ? ಎರಡೂ ನಿಘಂಟಿನಲ್ಲಿವೆ, ಹೆಚ್ಚು ಚಾಲ್ತಿಯಲ್ಲಿರುವುದು ಮೊದಲನೆಯದು, ಕನ್ನಡದಲ್ಲಿ ಎರಡಕ್ಕೂ ‘ಬಹುಪಾಲು’ ಸಾಕು ಎಂದು ಉತ್ತರಿಸಿದೆ.

ಜೊತೆಗೆ ಅವರ ಮುಂದಿನ ಅನುವಾದವೂ ಇತ್ತು, ಚುಕ್ಕೆ ಕತ್ತೆಕಿರುಬಗಳ ಬಗ್ಗೆ. ಅವುಗಳ ಗುಂಪಿನಲ್ಲಿ ಹೆಣ್ಣುಗಳದೇ ದರ್ಬಾರು. ಗಂಡುಗಳು ಬದಿಗೆ ಸರಿದು ಜಾಗ ಬಿಡುತ್ತವೆ, ಮರಿಗಳ ಸ್ಥಾನಮಾನ ತಾಯಿಯದನ್ನು ಅನುಸರಿಸುತ್ತದೆ. ಈ ಸಲ ಅವರು ಎಚ್ಚರ ಹೆಚ್ಚಾಗಿ ‘ಗುಂಪಿನಲ್ಲಿ ಹೆಣ್ಣುಗಳೇ ಹೆಚ್ಚು’ ಎಂದು ಬರೆದಿದ್ದರು. ಅದನ್ನು ಹೊಡೆದು, ‘ಹೆಣ್ಣುಗಳದೇ ಪ್ರಾಬಲ್ಯ’ ಎಂದು ಬರೆದು ವಾಪಸು ಕಳಿಸಿದೆ.